ನನ್ನ ಗುರು ಕೊನೆಯ ಬೆಂಚಿನಲ್ಲಿ

ಹೋದ ವಾರ ನನ್ನ ಗುರುವಿಗೇ ಪಾಠ ಹೇಳಿ ಬಂದೆ. ಇನ್ನೂ ಮನಸ್ಸು ಸರಿಯಾಗಿಲ್ಲ.

ತುಮಕೂರಿನಲ್ಲಿ ಟ್ರೈನಿಂಗ್. ಕ್ಲಾಸಿನಲ್ಲಿ ಟೇಪ್ ರೆಕಾರ್ಡರ್ ಬಳಸುವುದು ಹೇಗೆಂದು ಟೀಚರುಗಳೇ ಟೀಚರುಗಳಿಗೆ ಹೇಳಿಕೊಡಬೇಕಂತೆ. ನಿಟ್ಟೂರಿನಿಂದ ನನ್ನನ್ನು ಕರೆಸಿದ್ದರು. (ನಾನು ಎಕ್ಸ್‌ಪರ್ಟ್! ನಮ್ಮ ಮನೆಯವರು ಎರಡು ದಿನ ನಕ್ಕರು.) ಎದುರಿಗೆ ನೋಡುತ್ತೇನೆ, ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ ಬಿಚ್ಚಿಕೊಂಡು ಸರೋಜಮ್ಮ ಕೂತಿದ್ದಾರೆ.

ಈ ಸರೋಜಮ್ಮ ಯಾರು ಗೊತ್ತೇ?

ನಮ್ಮ ಶಾಲೆಗೆ ಟೇಪ್ ರೆಕಾರ್ಡರ್ ಬಂದ ವರ್ಷ ಅದಕ್ಕೆ ಸಿಕ್ಕಿದ್ದು ಬರೀ ಪೂಜೆ. ಆಯುಧಪೂಜೆಗೆ ಹೆಡ್ ಮಾಸ್ಟರು ಕುಂಕುಮ ಹಚ್ಚಿ, ಹೂ ಏರಿಸಿ, ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮುಟ್ಟಿದರೆ ಎಲ್ಲಿ ಕೆಟ್ಟೀತೋ ಎಂಬ ಭಯ ನಮಗೆಲ್ಲ. ಆಗ ಸರೋಜಮ್ಮ ಹಾಗಲವಾಡಿ ಶಾಲೆಯಲ್ಲಿದ್ದರು, ಅಲ್ಲಿ ಟೇಪ್ ಹಾಕಿಯೇ ಪಾಠ ಮಾಡುತ್ತಿದ್ದರು. ವಿಷಯ ಕಿವಿಗೆ ಬಿದ್ದದ್ದೇ ತಡ, ಶನಿವಾರದ ಬೆಳಗಿನ ಸ್ಕೂಲು ಮುಗಿಸಿ ಬಸ್ ಹತ್ತಿ ಬಂದರು. ಯಾರೂ ಕಳಿಸಿರಲಿಲ್ಲ. ಕ್ಯಾಸೆಟ್ ಹಾಕಿದರೆ ಗೊರಗೊರ ಸದ್ದು! ಒಳಗೆಲ್ಲ ಕುಂಕುಮ.

"ಪೂಜೆ ಮಾಡಿದ್ದು ಸಾಕು, ಇನ್ನು ಮಕ್ಳಿಗೆ ಕೇಳಿಸ್ರೀ," ಎನ್ನುತ್ತ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದರು. ನನ್ನ ಬೆರಳು ಹಿಡಿದು ಬಟನ್ ಮೇಲಿಟ್ಟರು. "ಒತ್ರೀ ಜಯಮ್ಮ. ಕೆಟ್ಟೋದ್ರೆ ನಾನಿದೀನಿ."

ಹಾಗೆ ಎಷ್ಟೋ ಶನಿವಾರ. ನಾನು ಓದಿದ ಇಂಗ್ಲಿಷ್ ಪದ್ಯವನ್ನು ರೆಕಾರ್ಡ್ ಮಾಡಿ ನನಗೇ ಕೇಳಿಸುತ್ತಿದ್ದರು. ತಪ್ಪನ್ನು ನಾನೇ ಹಿಡಿಯುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಅವರಿಗೆ ಕುಣಿಗಲ್ ತಾಲ್ಲೂಕಿಗೆ ಟ್ರಾನ್ಸ್‌ಫರ್ ಆಯಿತು. ಈಗಲೂ ಶನಿವಾರ ಮಧ್ಯಾಹ್ನ ಬಸ್ಸಿನ ಹಾರನ್ ಕೇಳಿದರೆ ಕಿಟಕಿಯತ್ತ ನೋಡುತ್ತೇನೆ. ಅಂಥ ಜೊತೆ ನನಗೆ ಮತ್ತೆ ಸಿಗಲಿಲ್ಲ.

ಊಟದ ಬಿಡುವಿನಲ್ಲಿ ಅವರ ಹತ್ತಿರ ಓಡಿದೆ. "ನೀವ್ಯಾಕೆ ಕಲಿಯೋಕೆ ಬಂದ್ರಿ? ನನ್ ಮಾನ ಕಳೀತೀರಲ್ಲ!"

"ನಿಮ್ಮನ್ನೂ ಟೇಪ್ ರೆಕಾರ್ಡರನ್ನೂ ನೋಡೋಣ ಅಂತ ಬಂದೆ ಕಣ್ರೀ. ನಮ್ ಸ್ಕೂಲಲ್ಲಿ ಇಲ್ವಲ್ಲ. ಮುಟ್ಟಿ ಮೂರ್ ವರ್ಷ ಆಯ್ತು." ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಒಂದ್ಸಲ ಒತ್ಲಾ?"

ನನ್ನ ಬೆರಳು ಹಿಡಿದು ಕಲಿಸಿದವರು ನನ್ನನ್ನು ಕೇಳಬೇಕೇ? ಕೈ ಹಿಡಿದು ಮೇಜಿನ ಹತ್ತಿರ ಕರೆದುಕೊಂಡು ಹೋದೆ. ಅವರು ಒತ್ತಿದರು, ನಿಲ್ಲಿಸಿದರು, ಮತ್ತೆ ಒತ್ತಿದರು. ಕ್ಯಾಸೆಟ್ ತಿರುಗುವುದನ್ನೇ ನೋಡುತ್ತ ನಿಂತರು. ಬೆಲ್ ಹೊಡೆದ ಮೇಲೂ ಅಲ್ಲೇ ಇದ್ದರು.

ಊರಿಗೆ ಬಂದವಳೇ ಹೆಡ್ ಮಾಸ್ಟರನ್ನು ಕೇಳಿದೆ: ತಿಂಗಳಿಗೊಂದು ಶನಿವಾರ ನಮ್ಮ ಟೇಪ್ ರೆಕಾರ್ಡರನ್ನು ಅವರ ಶಾಲೆಗೆ ಒಯ್ದು ತರಲೇ?

"ಸ್ಕೂಲ್ ಸಾಮಾನು ಗೇಟ್ ದಾಟಂಗಿಲ್ಲ ಕಣಮ್ಮ," ಅಂದರು.

ಟೀಚರನ್ನು ತಾಲ್ಲೂಕು ದಾಟಿಸಲು ಒಂದು ಆರ್ಡರ್ ಸಾಕು. ಟೇಪ್ ರೆಕಾರ್ಡರನ್ನು ಗೇಟು ದಾಟಿಸಲು ಯಾರ ಸಹಿ ಬೇಕು?