ಶರಣಮ್ಮನವರ ತಲೆಯೂ ವ್ಯಾನಿನ ಕಪಾಟೂ

ಶರಣಮ್ಮನವರನ್ನು ನಾನು ಮೊದಲ ಸಲ ನೋಡಿದಾಗ ಅವರ ತಲೆಯ ಮೇಲೊಂದು ಬಾಗಿಲಿತ್ತು. ಹಿಮಾಯತ್‌ನಗರದ ನಮ್ಮ ಕಟ್ಟಡದಲ್ಲಿ ಅವರದು ಮೇಲಿನ ಮನೆ. ಅಡುಗೆಮನೆಯ ಗೋಡೆಗೆ ಎತ್ತರದಲ್ಲಿ ಬಡಿದ ಕಪಾಟು. ಅದರ ಬಾಗಿಲು ಮೇಲಕ್ಕೆ ತೆರೆಯುವಂಥದ್ದು, ಎತ್ತಿ ಹಿಡಿಯಲು ಏನೂ ಇರಲಿಲ್ಲ. ಅವರು ಮಣೆ ಹತ್ತಿ, ಬಾಗಿಲನ್ನು ನೆತ್ತಿಯ ಮೇಲೆ ಹೊತ್ತು, ಎರಡೂ ಕೈಯಿಂದ ಡಬ್ಬಿ ತಡಕುತ್ತಿದ್ದರು. ಹಾಗೇ "ಯಾರಪಾ ಅದು?" ಎಂದರು. ಕೆಳಗಿನ ಮನೆಗೆ ಹೊಸದಾಗಿ ಬಂದವನು, ಮೈಸೂರು ಕಡೆಯವನು ಎಂದೆ.

"ಕುಂದ್ರು ತಮ್ಮಾ, ಸಕ್ಕರಿ ಸಿಗಲಿ, ಚಾ ಮಾಡ್ತೀನಿ."

ಸಂಬಂಧವಿಲ್ಲದ ಕಡೆ ಬಾಯಿ ಹಾಕುವುದು ನನ್ನ ಜಾಯಮಾನ. "ಅಕ್ಕಾ, ಅದಕ್ಕೊಂದು ಕೊಕ್ಕೆ ಹಾಕಿಸಬಾರದೇ?" ಎಂದೆ.

"ತಲಿ ಐತಲ್ಲಪಾ, ಮತ್ಯಾಕ ಕೊಕ್ಕಿ?" ಎಂದು ನಕ್ಕರು.

ಟ್ರಂಕಿನ ಮುಚ್ಚಳಕ್ಕೂ ಅವರ ತಲೆಯೇ ಆಸರೆ. ಗಂಡ ಬಸಣ್ಣ ಬಸ್ ಡ್ರೈವರಾಗಿದ್ದವರು. ಊರ ಜನರನ್ನೆಲ್ಲ ಊರೂರಿಗೆ ಮುಟ್ಟಿಸಿದ ಆ ಮಹಾರಾಯರು ಹೆಂಡತಿಯನ್ನು ಮಾತ್ರ ರಾಯಚೂರಿನ ತವರುಮನೆ ಬಿಟ್ಟು ಎಲ್ಲಿಗೂ ಕರೆದೊಯ್ದಿರಲಿಲ್ಲ. "ಕರಕೊಂಡ ಹೋಗ್ತೀನಿ ಅಂತಾರ, ನಾ ಹೂಂ ಅಂತೀನಿ. ಹೂಂ ಅನ್ನಾಕ ನಂದೇನು ಗಂಟು ಹೋಗ್ತೈತಿ?" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಬಸಣ್ಣ ಹಳೆಯ ಶಾಲಾ ವ್ಯಾನೊಂದನ್ನು ಕೊಂಡರು. ಒಳಗೆ ಹಾಸಿಗೆ, ಒಲೆ, ಒಲೆಯ ಮೇಲೆ ಕಪಾಟು ಮಾಡಿಸಲು ಜೀಡಿಮೆಟ್ಲಾದ ಖಾಜಾ ಮಿಸ್ತ್ರಿಗೆ ಒಪ್ಪಿಸಿದರು. ಹೆಂಡತಿಗೆ ಸಮುದ್ರ ತೋರಿಸಬೇಕೆಂಬ ಆಸೆ. ಅಷ್ಟರಲ್ಲಿ ಶರಣಮ್ಮನವರ ಕತ್ತಿನ ಮೂಳೆ ಸವೆದು ಕೊರಳಿಗೆ ಪಟ್ಟಿ ಬಿತ್ತು. ತಲೆಯ ಮೇಲೆ ಏನೂ ಹೊರಬಾರದು, ಕತ್ತು ಎತ್ತಿ ಕೆಲಸ ಮಾಡಬಾರದು ಎಂದರು ಡಾಕ್ಟರು. ದಾರಿಯಲ್ಲೂ ಅಡುಗೆ ಅವರದೇ; ಇನ್ನು ವ್ಯಾನಿನ ಕಪಾಟಿನ ಬಾಗಿಲು ತಾನಾಗಿ ನಿಲ್ಲದಿದ್ದರೆ ಸಮುದ್ರವೂ ಇಲ್ಲ.

ವ್ಯಾನು ನೋಡಲು ನನ್ನನ್ನೂ ಕರೆದೊಯ್ದರು. ಕಾರಿನ ಡಿಕ್ಕಿಯನ್ನು ಎತ್ತಿ ಹಿಡಿಯುವಂಥ ಗ್ಯಾಸ್ ಪಂಪುಗಳನ್ನು, ಇದ್ದುದರಲ್ಲೇ ಗಟ್ಟಿಯಾದವನ್ನು ಆರಿಸಿ, ಬಸಣ್ಣ ಜೋಡಿಯಾಗಿ ಹಾಕಿಸಿದ್ದರು. ಶರಣಮ್ಮನವರು ಚಿಲಕ ಮುಟ್ಟಿದ್ದೇ ತಡ, ಬಾಗಿಲು ಧಡ್ಡನೆ ಮೇಲಕ್ಕೆ ಹಾರಿತು. ತುದಿಗಾಲಲ್ಲಿ ನಿಂತು ಅಂಚು ಹಿಡಿದು ಎಳೆದರೆ, ಬಾಗಿಲು ಕೆಳಗೆ ಬರುವ ಬದಲು ಅವರೇ ನೆಲ ಬಿಟ್ಟರು.

"ಇದೇನ್ರಿ, ಬಾಗಲಾ ಮಾಡಿಸೀರೋ ಜೋಕಾಲಿ ಮಾಡಿಸೀರೋ?"

"ನಾ ಇದ್ದೀನಲ್ಲ, ನಾ ಮುಚ್ಚತೀನಿ ಬಿಡು."

"ಮಕ್ಕೊಂಡವರನ್ನ ಒಂದು ಡಬ್ಬಿ ಸಲುವಾಗಿ ಎಬ್ಬಸ್ಲೇನು? ಅಳತಿಗೆ ಯಾರು ನಿಂತಿದ್ರಿ?"

ಬಸಣ್ಣನೇ ನಿಂತಿದ್ದರು. ಆರಡಿ ಆಳು, ಜನ್ಮದಲ್ಲಿ ಒಂದು ಸಕ್ಕರೆ ಡಬ್ಬಿ ತೆಗೆದವರಲ್ಲ. ನನಗೆ ನಗು ತಡೆಯಲಾಗಲಿಲ್ಲ.

ಖಾಜಾ ಪಂಪು ಕಿತ್ತು, ಮಡಚುವ ಕಬ್ಬಿಣದ ತೋಳುಗಳನ್ನು ತಂದು ಹಾಕಿದ. ಬಾಗಿಲೇನೋ ನಿಂತಿತು. ಇಳಿಸಬೇಕಾದರೆ ಮಾತ್ರ ಕತ್ತು ಎತ್ತಿ ಎರಡೂ ಬದಿಯನ್ನು ಒಟ್ಟಿಗೆ ಒತ್ತಬೇಕು. ಶರಣಮ್ಮನವರು ತಲೆ ತಿರುಗಿ ವ್ಯಾನಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಸಾಕ್ರಿ. ಸಮುದ್ರ ನನ್ನ ಹಣ್ಯಾಗ ಬರದಿಲ್ಲ. ನೀವೊಬ್ರ ಹೋಗಿ ಬರ್ರಿ."

ಬಸಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು. ಅದನ್ನು ನೋಡಿಯೋ ಏನೋ, ಸ್ವಲ್ಪ ಹೊತ್ತಿಗೆ ಶರಣಮ್ಮನವರೇ ಎದ್ದು ಬಾಗಿಲ ಅಂಚನ್ನು ಬೆರಳಿನಿಂದ ತಟ್ಟಿದರು. "ಖಾಜಾಭಾಯ್, ಇದ್ಯಾಕ ಇಷ್ಟು ದಪ್ಪ? ಇದನ್ನ ತೆಳ್ಳಗ ಮಾಡ್ರಿ, ಸಣ್ಣ ಪಂಪ್ ಒಂದ ಸಾಕಾಕ್ಕೈತಿ."

"ಕಮ್‌ಜೋರ್ ಹೋತಾ ಅಮ್ಮಾ, ಗಿರ್ ಜಾತಾ," ಎಂದ ಖಾಜಾ, ಬಲ ಸಾಲದೆ ಬಾಗಿಲು ಬಿದ್ದೀತೆಂದು.

"ಬಿದ್ರ ನೋಡೂಣು."

ಮುಂದಿನ ವಾರ ತೆಳ್ಳನೆಯ ಬಾಗಿಲು, ಸಣ್ಣ ಪಂಪು ಸಿದ್ಧವಾಗಿದ್ದವು. ಶರಣಮ್ಮನವರು ಅದನ್ನು ತೆರೆದಿಟ್ಟು, ಎದುರಿಗೆ ಕುಳಿತು, ಬುತ್ತಿ ಬಿಚ್ಚಿದರು. "ನಾ ರೊಟ್ಟಿ ತಿಂದು ಮುಗಸೂತನಾ ನಿಂತ್ರ ನಿಂತಂಗ." ಇಷ್ಟು ನಿಧಾನವಾಗಿ ಯಾರಾದರೂ ರೊಟ್ಟಿ ತಿಂದದ್ದನ್ನು ನಾನು ಕಂಡಿಲ್ಲ. ಬೇಕೆಂದೇ ಮತ್ತೊಂದು ರೊಟ್ಟಿ ಮುರಿದರು. ನಾವು ಮೂವರು ಗಂಡಸರು ಬಾಗಿಲನ್ನೇ ನೋಡುತ್ತ ನಿಂತೆವು. ಅದು ಇಳಿಯಲಿಲ್ಲ. ಮುಚ್ಚುವುದಕ್ಕೆಂದು ಹಳೆ ಸೀರೆಯ ಅಂಚನ್ನು ಕತ್ತರಿಸಿ ತಾವೇ ಒಂದು ಪಟ್ಟಿ ಕಟ್ಟಿದರು. ಕತ್ತು ಎತ್ತದೆ ಎಳೆದರೆ ಬಾಗಿಲು ಮೆತ್ತಗೆ ಬಂದು ಕೂರುತ್ತಿತ್ತು.

ಗೋಕರ್ಣಕ್ಕೆ ಹೋಗಿ ಬಂದರು. ಸಮುದ್ರ ಹೇಗಿತ್ತು ಎಂದು ಕೇಳಿದೆ. "ಭಾಳ ನೀರಪಾ," ಎಂದರು. ಬಾಗಿಲು? "ನಿಂತಿತ್ತು. ನಾನ ರೂಢಿ ಬಿಡದ ತಲಿ ಕೊಡತಿದ್ದೆ. ನಿಮ್ಮ ಬಸಣ್ಣ ಬೈತಿದ್ರು."

ಹೋದ ಚಳಿಗಾಲದಲ್ಲಿ ಶರಣಮ್ಮನವರು ನಿದ್ದೆಯಲ್ಲೇ ತೀರಿಕೊಂಡರು. ನಾನು ಸುಲಭಕ್ಕೆ ಅಳುವವನಲ್ಲ, ಅವತ್ತು ಅತ್ತೆ.

ವ್ಯಾನು ಈಗ ಕಟ್ಟಡದ ಕೆಳಗೇ ನಿಂತಿರುತ್ತದೆ. ಮೊನ್ನೆ ಬೆಳಿಗ್ಗೆ ಬಸಣ್ಣ ಒಳಗಿಂದ ಕರೆದರು, "ಬಾ ತಮ್ಮಾ, ಚಾ ಕುಡಿ." ಒಲೆಯ ಮೇಲೆ ನೀರಿಟ್ಟು, ಸಕ್ಕರೆಗೆಂದು ಕಪಾಟು ತೆರೆದರು. ಬಾಗಿಲು ಮೇಲೇರಿ ನಿಂತಿತು, ಸೀರೆಯ ಪಟ್ಟಿ ಅವರ ಮೂಗಿನ ಮುಂದೆ ತೂಗುತ್ತಿತ್ತು. ಡಬ್ಬಿ ತೆಗೆದರು. ಆಮೇಲೂ ಬಾಗಿಲು ಮುಚ್ಚದೆ, ಬೆನ್ನು ಬಗ್ಗಿಸಿ, ಅದರಡಿ ನೆತ್ತಿ ಒತ್ತಿ ನಿಂತರು.

"ಬಸಣ್ಣ, ಅದು ತಾನಾಗೇ ನಿಲ್ಲುತ್ತಲ್ಲ?" ಎಂದೆ.

"ನಿಲ್ತೈತಿ," ಎಂದರು, ಅಲ್ಲಿಂದ ಅಲ್ಲಾಡದೆ. "ಆಕಿ ಜನ್ಮಾ ಪೂರ್ತಿ ಹಿಂಗ ನಿಂತ್ಲು ತಮ್ಮಾ. ನಾ ಒಂದು ಚಾ ಕುದಿಯೂತನಾ ನಿಂತ್ರ ಏನಾತು?"