ಸಿ ಡ್ರೈವಿನಲ್ಲಿದ್ದ ಹುಟ್ಟುಗಳು

ಸಿಂದಗಿಯ ನನ್ನ ಟೈಪಿಂಗ್ ಅಂಗಡಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದು ಒಂದೇ ಭಾಗ, ಸಿ. ವಿಂಡೋಸ್, ಮದುವೆ ಕಾರ್ಡು, ತಹಶೀಲಿ ಅರ್ಜಿ, ಎಲ್ಲ ಅದರಲ್ಲೇ. ಅದನ್ನು ಎರಡು ಮಾಡಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ.

ಆ ಸಿ ಒಳಗೆ ನನ್ನ ತವರೂರು ಮೋರಟಗಿಯ ಒಬ್ಬ ಮುದುಕಿಯ ನೆನಪೂ ಸೇರಿಕೊಂಡಿತು. ಆಕೆ ನಮ್ಮೂರ ಸೂಲಗಿತ್ತಿ. ನಾನು ಹುಟ್ಟಿದ್ದೂ ಆಕೆಯ ಕೈಯಲ್ಲೇ. ನಮ್ಮ ಕಾಲದವರಿಗೆಲ್ಲ ಶಾಲೆಯ ರಿಜಿಸ್ಟರಿನಲ್ಲಿ ಜೂನ್ ಒಂದನೇ ತಾರೀಖೇ ಹುಟ್ಟಿದ ದಿನ. ನಿಜವಾದ ದಿನ ಬಲ್ಲವಳು ಆಕೆಯೊಬ್ಬಳು. ಓದು ಬರಹ ಬಾರದು. ಸಂತೆಗೆ ಬಂದವಳು ಒಮ್ಮೆ ಅಂಗಡಿಯಲ್ಲಿ ಕೂತು, "ನೀ ಹುಟ್ಟಿದ್ದು ಸೀಗಿ ಹುಣ್ಣಿಮಿ ಮರುದಿನ. ನಿಮ್ಮವ್ವ ರೊಟ್ಟಿ ಬಡಿಯಾಕ ಕುಂತಾಕಿ ಹಂಗ ಎದ್ದು ಬಂದ್ಲು" ಎಂದಳು.

"ಆಯಿ, ಹಿಂಗ ಎಲ್ಲಾರದೂ ಹೇಳ್ತಿ ಏನು? ಬರಕೊಳ್ತೇನಿ" ಎಂದೆ.

ಎರಡು ವರ್ಷ, ಸಂತೆಗೆ ಬಂದಾಗಲೆಲ್ಲ ಹೇಳಿದಳು. ನಾನು ನೇರವಾಗಿ ಟೈಪ್ ಮಾಡಿಕೊಳ್ಳುತ್ತಿದ್ದೆ. ಉಳಿಯದೆ ಹೋದ ಕೂಸುಗಳನ್ನೂ ಆಕೆ ಬಿಡಲಿಲ್ಲ. "ಅದಕ್ಕ ಹೆಸರ ಇಟ್ಟಿದ್ದಿಲ್ಲ. ಹೆಣ್ಣಿತ್ತು. ಹಂಗ ಬರಿ" ಎಂದಳು ಒಂದು ಸಲ. ಹಾಗೇ ಬರೆದೆ.

ಆಮೇಲೆ ಕಂಪ್ಯೂಟರ್ ಮೇಲಿಂದ ಮೇಲೆ ನಿಲ್ಲತೊಡಗಿತು. ಇಂಡಿ ಪಟ್ಟಣದಿಂದ ರಿಪೇರಿಯವರೊಬ್ಬರನ್ನು ಕರೆಸಿದೆ. ಇಪ್ಪತ್ತು ವರ್ಷ ರೇಡಿಯೋ, ಟಿ.ವಿ. ಬಿಚ್ಚಿ ಆಮೇಲೆ ಈ ವಿದ್ಯೆ ಕಲಿತವರು, ನಿಧಾನದ ಮನುಷ್ಯ.

"ಅಕ್ಕಾರ, ಎಲ್ಲಾ ಒಂದ ಕಡೆ ಇಟ್ಟೀರಿ. ನಾಳಿಗೆ ವಿಂಡೋಸ್ ಪೂರಾ ಕೆಟ್ರ ಫಾರ್ಮ್ಯಾಟ್ ಮಾಡಬೇಕಾಗ್ತೈತಿ. ಆಗ ಇದ್ದದ್ದೆಲ್ಲಾ ಹೋಗ್ತೈತಿ. ಎರಡು ಪಾಲು ಮಾಡೂಣು. ಸಿ ದಾಗ ವಿಂಡೋಸ್ ಇರಲಿ, ಡಿ ದಾಗ ನೀವು ಬರೆದದ್ದು."

"ಮಾಡುವಾಗ ಇದ್ದದ್ದು ಹೋಗೂದಿಲ್ಲಲ್ರಿ?"

"ಸರಿಸಿ ಜಾಗಾ ಮಾಡೂ ಸಾಫ್ಟ್‌ವೇರ್ ಐತ್ರಿ. ನಡುವ ಬಂದ್ ಆಗಬಾರದು, ಅಷ್ಟ."

ವಿಚಾರ ಮಾಡಲು ಒಂದು ವಾರ ತೆಗೆದುಕೊಂಡೆ. ಕಂಪ್ಯೂಟರ್ ಮಾರಿದ ವಿಜಾಪುರದವರಿಗೆ ಫೋನ್ ಮಾಡಿದರೆ, ಸಣ್ಣ ಡಿಸ್ಕು, ಎರಡು ಮಾಡಬೇಡಿ ಎಂದರು. ಆಲಮಟ್ಟಿಯ ಕಾಲುವೆ ಆಫೀಸಿನಲ್ಲಿದ್ದ ನನ್ನ ಯಜಮಾನರು ರವಿವಾರ ಬಂದಾಗ ಕೇಳಿದೆ. "ಅದರಾಗಿಂದು ನನಗೇನು ತಿಳೀತೈತಿ? ನಿನಗ ಸರಿ ಕಂಡಂಗ ಮಾಡು" ಎಂದರು. ನನಗೆ ಸರಿ ಕಂಡದ್ದು ಯಾವುದೂ ಇರಲಿಲ್ಲ. ಮಾಡಿಸಿದರೆ ಹೋದೀತೆಂದು ಅಂಜಿಕೆ, ಮಾಡಿಸದಿದ್ದರೂ ಹೋದೀತೆಂದು ಅಂಜಿಕೆ. ಕೊನೆಗೆ ಆಯಿ ಹೇಳಿದ ಹುಟ್ಟುಗಳ ಪಟ್ಟಿಯನ್ನು ಒಂದು ಫ್ಲಾಪಿಗೆ ಹಾಕಿಟ್ಟುಕೊಂಡು, ಬರ್ರಿ ಎಂದೆ.

ಕರೆಂಟು ಮಧ್ಯಾಹ್ನ ಒಂದು ಗಂಟೆಯವರೆಗೆ ಇರುವ ದಿನ ನೋಡಿಯೇ ಅವರು ಬಂದರು. ಹತ್ತೂವರೆಗೆ ಶುರು ಮಾಡಿದರು. ಪರದೆಯ ಮೇಲೆ, ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಪಟ್ಟಿ ಇರುವೆಯಂತೆ ಸರಿಯುತ್ತಿತ್ತು. ಅರ್ಧದ ಹತ್ತಿರ ಬಂದಾಗ ಫ್ಯಾನ್ ನಿಂತಿತು. ಯು.ಪಿ.ಎಸ್. ಕೂಗತೊಡಗಿತು.

"ನಿಲ್ಲಸ್ರಿ" ಎಂದೆ.

"ಈಗ ನಿಲ್ಲಿಸಾಕ ಬರೂದಿಲ್ಲ ಅಕ್ಕಾರ. ನಿಲ್ಲಿಸಿದ್ರೂ ಹೋಗ್ತೈತಿ."

ಬ್ಯಾಟರಿ ಇನ್ನೊಂದಿಷ್ಟು ಹೊತ್ತು ತಾಳಲೆಂದು ಅವರು ಮಾನಿಟರ್ ಆರಿಸಿದರು. ಕಪ್ಪು ಗಾಜಿನ ಮುಂದೆ ಇಬ್ಬರೂ ಕೂತೆವು. ಡಬ್ಬಿಯೊಳಗೆ ಡಿಸ್ಕು ಕರಕರ ಎನ್ನುವುದು ಮಾತ್ರ ಕೇಳುತ್ತಿತ್ತು. ವಿದ್ಯುತ್ ಆಫೀಸಿಗೆ ಫೋನ್ ಮಾಡಿದೆ. ಗಂಟೆ ಹೊಡೆಯಿತು, ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕೂಗು ಒಂದೇ ಉದ್ದ ದನಿಯಾಯಿತು. ಆಮೇಲೆ ಎಲ್ಲ ಸುಮ್ಮನಾಯಿತು.

ಕರೆಂಟು ಬಂದ ಮೇಲೆ ನೋಡಿದರೆ ಸಿ ಕೂಡ ಇರಲಿಲ್ಲ. ಫ್ಲಾಪಿ ಹಾಕಿದರು. ತಿರುಗಿತು, ಕೆರೆಯಿತು, ಓದಲು ಬರಲಿಲ್ಲ. ಮತ್ತೆ ಹಾಕಿದರು. ಮೂರನೆಯ ಸಲ ತೆಗೆದು ತಮ್ಮ ಅಂಗಿಗೆ ಒರೆಸಿ ಹಾಕಿದರು. "ನಾ ಹೇಳಬಾರದಿತ್ರಿ" ಎಂದು ತಲೆ ಕೆಳಗೆ ಹಾಕಿ ಕೂತರು. ಡಿಸ್ಕನ್ನು ವಿಜಾಪುರಕ್ಕೂ ಒಯ್ದರು, ಹಾಗೇ ತಿರುಗಿ ತಂದರು.

ಆಯಿಗೆ ಹೇಳಲು ನಾನೇ ಮೋರಟಗಿಗೆ ಹೋದೆ. ಆಕೆ ಬಾಗಿಲಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದಳು.

"ಯಾರು ಅಳಿಸಿದ್ರು?"

"ಯಾರೂ ಅಳಿಸಿಲ್ಲ ಆಯಿ. ಕರೆಂಟ್ ಹೋತು."

"ಕರೆಂಟ್ ಹೋದ್ರ ದೀಪ ಹೋಗ್ತೈತಿ. ಬರೆದದ್ದು ಹ್ಯಾಂಗ ಹೋಗ್ತೈತಿ ಯವ್ವಾ?"

ಸಿ, ಡಿ ಎಂದು ನೆಲದ ಮೇಲೆ ಗೆರೆ ಎಳೆದು ತೋರಿಸಲು ಹೋದೆ. ಅರ್ಧಕ್ಕೆ ಬಿಟ್ಟೆ.

"ಇರಲಿ. ಮತ್ತ ಹೇಳ್ತೇನಿ, ಈ ಸಲ ವಹಿಯೊಳಗ ಬರಿ" ಎಂದಳು.

ದಪ್ಪನೆಯದೊಂದು ನೋಟುಬುಕ್ಕು ತಂದೆ. ಆದರೆ ಆ ವರ್ಷ ಆಕೆಯ ನೆನಪು ಸಡಿಲಾಗಿತ್ತು. ಅವ್ವನ ಹೆರಿಗೆಯನ್ನು ಮಗಳದೆಂದು ಹೇಳುತ್ತಿದ್ದಳು. ಒಂದೇ ಕೂಸನ್ನು ಎರಡು ಮನೆಗಳಲ್ಲಿ ಹುಟ್ಟಿಸುತ್ತಿದ್ದಳು. ಮೊದಮೊದಲು ನಾನು ತಿದ್ದುತ್ತಿದ್ದೆ. ತಿದ್ದಿದಾಗಲೆಲ್ಲ ಆಕೆ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಆಮೇಲಾಮೇಲೆ ತಿದ್ದುವುದನ್ನು ಬಿಟ್ಟೆ. ತಪ್ಪೆಂದು ಗೊತ್ತಿದ್ದರೂ, ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ.