ಬೆಣ್ಣೆ ಹಳದಿ, ಬೂದಿ ಬಿಳಿ

ಟೇಲರಕ್ಕ ಎಂದರೆ ಬೀದಿಗೆಲ್ಲ ಗೊತ್ತು. ಬಟ್ಟೆಗೆ ದಾರ ಹೊಂದಿಸುವುದರಲ್ಲಿ ಅವಳದು ಹದ್ದಿನ ಕಣ್ಣು. ಹೊಲಿಗೆ ಎಲ್ಲಿದೆ ಎಂದು ಹುಡುಕಿಯೇ ನೋಡಬೇಕು. ಆ ಜಂಬ ಅವಳಿಗೂ ಇತ್ತು, ಇರಬೇಕಾದದ್ದೇ.

ಅವಳು ಹೊಲಿಯುವ ಕೋಣೆಗೆ ಬಣ್ಣ ಹೊಡೆಸುವ ಮಾತು ಬಂದಾಗ ಗಂಡ ಬೆಣ್ಣೆ ಹಳದಿ ಎಂದ, ಮಗಳು ಬೂದಿ ಬಿಳಿ ಎಂದಳು. ಪೇಂಟರಿಗೆ ಇಂಥ ಜಗಳ ಹೊಸದಲ್ಲ. ಮೆಷಿನ್ ಪಕ್ಕದ ಗೋಡೆಗೆ ಹಳದಿ, ಆಚೆ ಗೋಡೆಗೆ ಬೂದಿ ಬಿಳಿ ಬಳಿದು, "ನಾಲ್ಕು ದಿನ ನೋಡಿ, ಆಮೇಲೆ ಹೇಳಿ" ಎಂದು ಹೋದ. ಟೇಲರಕ್ಕನಿಗೆ ಹಳದಿಯೇ ಹಿಡಿಸಿತು.

ಮೂರನೇ ದಿನ ಪಕ್ಕದ ಬೀದಿಯ ನರ್ಸ್ ಬಾಗಿಲಲ್ಲೇ ನಿಂತು, ಹಿಂದಿನ ದಿನವಷ್ಟೇ ಹೊಲಿಸಿಕೊಂಡು ಹೋಗಿದ್ದ ತನ್ನ ಬಿಳಿ ಕೋಟು ವಾಪಸ್ ಕೊಟ್ಟಳು. "ಏನಕ್ಕಾ ಇದು, ಕೆನೆ ಬಣ್ಣದ ದಾರ ಹಾಕಿದ್ದೀರಿ! ಎಲ್ಲರೂ ಕೇಳ್ತಾರೆ." ಡ್ಯೂಟಿಗೆ ಹೊತ್ತಾಯಿತೆಂದು ಹೊರಟೂ ಹೋದಳು.

ಟೇಲರಕ್ಕ ಮೆಷಿನ್ ಮೇಲೆ ಕೋಟು ಹರವಿ ನೋಡಿದಳು. ದಾರ ಬೆಳ್ಳಗೇ ಕಂಡಿತು. ನರ್ಸಿಗೆ ಕಂಡದ್ದು ತನಗೆ ಕಾಣುತ್ತಿಲ್ಲ. ಕಣ್ಣು ಹೋದರೆ ಕಸುಬು ಹೋದಂತೆ. ಕೋಟು ಕಣ್ಣೆದುರು ಇರುವುದೇ ಬೇಡವೆಂದು ಆಚೆ ಗೋಡೆಯ ಮೊಳೆಗೆ ನೇತುಹಾಕಿದಳು. ಸಂಜೆ ಗಂಡ ಬಣ್ಣದ ಮಾತೆತ್ತಿದಾಗ, "ನಿಮಗೆ ಯಾವುದು ಬೇಕೋ ಅದೇ ಹೊಡೆಸಿ" ಎಂದಳು. ಅವನ ಕಾಲುಚೀಲದ ಬಣ್ಣವನ್ನೂ ತಾನೇ ಆರಿಸುವವಳು! ಗಂಡ ಮಿಕಮಿಕ ನೋಡಿದ.

ಮರುದಿನ ಹೊಲಿಗೆ ಬಿಚ್ಚಲೆಂದು ಕೋಟಿಗೆ ಕೈ ಹಾಕಿದರೆ, ದಾರ ಕೆನೆ ಬಣ್ಣಕ್ಕೆ ಎದ್ದು ಕಾಣುತ್ತಿತ್ತು. ಮೆಷಿನ್ ಹತ್ತಿರ ಒಯ್ದಳು, ಬಿಳಿ. ಬೂದಿ ಗೋಡೆಗೆ ತಂದಳು, ಕೆನೆ. ಅವಳು ಹೀಗೆ ಓಡಾಡುವುದನ್ನು ಕಂಡು ಮಗಳು, "ಅಮ್ಮ, ಏನಾಯ್ತು ನಿಂಗೆ?" ಎಂದಳು.

ಸಂಜೆ ಗಂಡ ಬಂದವನೇ ಕೂರುವ ಮೊದಲೇ ಹೇಳಿದಳು: "ಹಳದಿ ಬೇಡ ರೀ. ಅದರ ಛಾಯೆ ಬಟ್ಟೆ ಮೇಲೆ ಬಿದ್ದು ಬಿಳಿನೂ ಕೆನೆನೂ ಒಂದೇ ಥರ ಕಾಣತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಗಂಡ ನಕ್ಕ.

"ಈ ಸಲ ನೆಲಾನೇ ಡೊಂಕು ಕಣ್ರೀ. ನಾನು ಕಣ್ಣೇ ಹೋಯ್ತು ಅಂದ್ಕೊಂಡಿದ್ದೆ." ನಗುತ್ತ ಹೇಳಲು ಹೊರಟವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗಂಡನ ನಗು ನಿಂತಿತು. "ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಹೇಳಿದ್ರೆ ನೀವೂ ನಂಬಿಬಿಡ್ತಿದ್ರಿ."